ಬೇವೂರಿನ ಗೆರೆ

ಭೂಗೋಳ ನನಗೆ ಎಂದೂ ಸೇರಿದ ವಿಷಯವಲ್ಲ. ಎಪ್ಪತ್ತರ ದಶಕದ ಕೊನೆ, ಇಳಕಲ್ಲಿನಲ್ಲಿ ನಾನು ಎಸ್ಸೆಸ್ಸೆಲ್ಸಿ. ಮಳೆ, ಮಣ್ಣು, ಬೆಳೆ ಎಲ್ಲ ಬಾಯಿಪಾಠ ಮಾಡಿ ಮುಗಿಸಿದ್ದೆವು. ಮಾನವ ಭೂಗೋಳದ ಪಾಠ ಬಂದ ದಿನ ಮಾಸ್ತರರು ಪುಸ್ತಕ ಮುಚ್ಚಿಸಿದರು.

"ಜನ ಎಲ್ಲಿಂದ ಎಲ್ಲಿಗೆ ಹೋಗ್ತಾರ ಅನ್ನೂದು ನಿಮ್ಮ ಮನ್ಯಾಗ ನೋಡ್ರಿ. ಸೊಸಿಯಾಗಿ ಬಂದವರು, ಲಗ್ನಾಗಿ ಹೋದವರು, ಎಲ್ಲಾರಿಗೂ ನಕಾಶಿ ಮ್ಯಾಲ ಒಂದೊಂದು ಗೆರಿ ಹೊಡಕೊಂಡು ಬರ್ರಿ."

ನನಗೆ ಬೇಡದ ಕೆಲಸವೇ ಗಂಟು ಬಿತ್ತು. ಪರೀಕ್ಷೆ ಮುಗಿದೊಡನೆ ನನ್ನನ್ನು ಬೇವೂರಿನ ಸೋದರಮಾವನಿಗೆ ಕೊಡುವ ಮಾತು ನಡೆದಿತ್ತು. ಅವ್ವನ ಸ್ವಂತ ತಮ್ಮ. ಕೆಟ್ಟವನಲ್ಲ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದವನು. ಅದೇ ನನ್ನ ಸಂಕಟ. ನನಗೆ ಬೇಕಾಗಿದ್ದದ್ದು ಬಾಗಲಕೋಟೆಯ ಕಾಲೇಜು. ಆದರೆ ಅಕ್ಕನ ಮಗಳ ಮೇಲೆ ತಮ್ಮನ ಹಕ್ಕು. ಒಲ್ಲೆ ಅಂದರೆ ಅವ್ವನಿಗೆ ತವರೇ ತಪ್ಪೀತು ಎಂದು ಹೆದರಿ ಬಾಯಿ ಬಿಟ್ಟಿರಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಗೆರೆ ಎಳೆದೆ. ಅಜ್ಜಿ ಬಂದದ್ದು ಬೇವೂರಿನಿಂದ. ಅವ್ವ ಬಂದದ್ದೂ ಅಲ್ಲಿಂದಲೇ. ದೊಡ್ಡ ಅತ್ತೆ, ಸಣ್ಣ ಅತ್ತೆ ಇಬ್ಬರನ್ನೂ ಕೊಟ್ಟದ್ದು ಮತ್ತೆ ಬೇವೂರಿಗೇ. ಒಂದರ ಮೇಲೊಂದು ತಿದ್ದಿ ತಿದ್ದಿ ಕಾಗದವೇ ಹರಿಯಿತು. ನನಗೆ ತಡೆಯಲಾರದ ಸಿಟ್ಟು ಬಂತು.

"ತಗೋ, ನನ್ನ ಗೆರಿ ಹೊಡಿಯಾಕ ಜಾಗಾನ ಉಳದಿಲ್ಲ."

ಅವ್ವ ಹಿಟ್ಟಿನ ಕೈಯಲ್ಲೇ ನಕಾಶೆ ಎತ್ತಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ನಿನಗ ಮಾವ ಬ್ಯಾಡೇನ?" ಎಂದಳು. ನಾನು ಅತ್ತುಬಿಟ್ಟೆ.

ಮುಂದಿನ ವಾರ ಮಾವ ಬಂದು ಊಟಕ್ಕೆ ಕೂತ. ನಾನು ಜೀವ ಬಿಗಿಹಿಡಿದು ಬಾಗಿಲ ಹಿಂದೆ ನಿಂತೆ.

"ತಮ್ಮಾ, ಹುಡುಗಿ ಕಾಲೇಜಿಗೆ ಹೋಗ್ತಾಳ. ನೀ ಬ್ಯಾರೆ ಕಡೆ ಕನ್ಯಾ ನೋಡು. ಸಿಟ್ಟಾಗಬ್ಯಾಡ," ಅಂದಳು ಅವ್ವ.

ಮಾವನ ಕೈ ತಾಟಿನಲ್ಲೇ ನಿಂತಿತು. "ಖರೇನ ಅಕ್ಕಾ? ನಾ ಎತ್ತಿ ಆಡಿಸಿದ ಕೂಸದು! ಒಲ್ಲೆ ಅಂದ್ರ ನೀ ತವರಿಗೆ ಬರೂದ ಬಿಡ್ತೀಯೇನೋ ಅಂತ ಸುಮ್ನಿದ್ದೆ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರೆ. ಇಲ್ಲಿ ದೊಣ್ಣೆ ಬೀಸುವವನೇ ನನಗಿಂತ ಹೆಚ್ಚು ಹೆದರಿದ್ದ. ಎದೆಯ ಮೇಲಿನ ಕಲ್ಲು ಇಳಿದು, ಬಾಗಿಲ ಹಿಂದೆಯೇ ಸೆರಗು ಕಚ್ಚಿಕೊಂಡು ನಕ್ಕೆ. ಮಾವನೂ ನಗುತ್ತಿದ್ದ.

ಅವ್ವ ನಗಲಿಲ್ಲ. "ಚಲೋ ಆತು. ನನ್ನ ಲಗ್ನದಾಗ ನನ್ನನ್ನ ಯಾರೂ ಕೇಳಿರಲಿಲ್ಲ," ಎಂದು ಮಾವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು.