ಐದು ಆಕಳ ಹೆಜ್ಜೆ

ಸುಭದ್ರಮ್ಮನಿಗೆ ಬರುತ್ತಿದ್ದದ್ದು ಒಂದೇ ಒಂದು ರಂಗೋಲಿ. ಹೊಸ್ತಿಲ ಕಡೆಗೆ ನಡೆದು ಬರುವ ಐದು ಆಕಳ ಹೆಜ್ಜೆ, ಅಷ್ಟೇ. ಲಿಂಗಸುಗೂರು ಕಡೆಯ ಹಳ್ಳಿಯಲ್ಲಿ ಅವಳ ತಾಯಿ ದಿನಾ ಬೆಳಿಗ್ಗೆ ಬಾಗಿಲಿಗೆ ನೀರಿನ ಥಳಿ ಹೊಡೆದು ಹಾಕುತ್ತಿದ್ದದ್ದೂ ಅದನ್ನೇ. ಇನ್ನೊಂದನ್ನು ಕಲಿಯುವ ಪುರುಸೊತ್ತು ಮಗಳಿಗೆ ಸಿಗಲಿಲ್ಲ. ತೊಂಬತ್ತೆಂಟರಲ್ಲಿ ಗಂಡ ಜಟ್ಟೆಪ್ಪನ ಹಿಂದೆ ಬೆಂಗಳೂರಿಗೆ ಬಂದಳು. ಅವನಿಗೆ ಗರುಡಾಚಾರ್‌ಪಾಳ್ಯದ ಒಂದು ತಗಡಿನ ಕಾರ್ಖಾನೆಯಲ್ಲಿ ಕೆಲಸ, ಅವಳಿಗೆ ಪಕ್ಕದ ಹೊಸ ಬಡಾವಣೆಯ ಮೂರು ಮನೆಗಳಲ್ಲಿ ಪಾತ್ರೆ, ಬಟ್ಟೆ. ಆರು ವರ್ಷದಲ್ಲಿ ಯಾರ ಮನೆಯಲ್ಲೂ ಒಂದು ಚಮಚ ಅತ್ತಿತ್ತ ಆಗಿರಲಿಲ್ಲ. ಕೈ ಶುದ್ಧ ಎಂಬ ಆ ಹೆಸರಿನ ಮೇಲೆಯೇ ಅವಳ ಸಂಸಾರ ನಡೆಯುತ್ತಿತ್ತು.

ಆ ಬಡಾವಣೆಗೆ ಕಳ್ಳರ ಕಾಟ. ತಡೆಯುವುದಕ್ಕೆ ಒಂದು ಕಾವಲು ಸಮಿತಿ, ಸಮಿತಿಗೆ ಮುನಿನಾರಾಯಣಪ್ಪ ಅಧ್ಯಕ್ಷರು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರಿಗೆ ಮೀಟಿಂಗ್ ಇಲ್ಲದಿದ್ದರೆ ಊಟ ಸೇರುತ್ತಿರಲಿಲ್ಲ. ಈ ಸಮಿತಿ ಮಾಡಿದ ಘನಕಾರ್ಯ ಹೇಳಲು ಹೇಸಿಗೆಯಾಗುತ್ತದೆ. ಬೀದಿಯ ತುದಿಗೆ ‘ಎಚ್ಚರ, ಇಲ್ಲಿ ಕಾವಲಿದೆ’ ಎಂದು ಬೋರ್ಡು ಬಿತ್ತು. ಮನೆಗೊಂದು ಸೀಟಿ ಹಂಚಿದರು, ಎರಡು ದಿನ ಮಕ್ಕಳು ಊದಿ ಕಳೆದು ಹಾಕಿದವು. ಕೆಲಸದವರು, ತರಕಾರಿಯವರು ಎಲ್ಲರ ಫೋಟೋ ತಂದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಕಳ್ಳರು ಬಡವರಲ್ಲಿ ಮಾತ್ರ ಹುಟ್ಟುತ್ತಾರೆ ನೋಡಿ! ಒಂದು ಮನೆಯ ಕಿಟಕಿಯ ಸರಳು ಕೊಯ್ಯುವಾಗ ಎದುರು ಮನೆಯವರು ಟಿವಿಯ ಸದ್ದು ಜೋರು ಮಾಡಿಕೊಂಡು ಕೂತಿದ್ದರು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಈ ಜನ ಒಬ್ಬರಿಗೊಬ್ಬರು ಕಾವಲಂತೆ.

ಎರಡು ಸಾವಿರದ ನಾಲ್ಕರ ಬೇಸಿಗೆ ರಜೆಗೆ ಮುಂಚೆ ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು. ಅವರ ಗೇಟಿನ ಮುಂದೆಯೇ ಮೀಟಿಂಗು.

“ಬೀಗ ಹಾಕಿರೋ ಮನೆ ಅಂತ ಕಳ್ಳಂಗೆ ಹೆಂಗ್ರೀ ಗೊತ್ತಾಗುತ್ತೆ? ಬೆಳಿಗ್ಗೆ ಬಾಗಿಲಲ್ಲಿ ರಂಗೋಲಿ ಇರಲ್ಲ! ಯಾರೇ ಊರಿಗೆ ಹೋಗ್ಲಿ, ಅವರ ಬಾಗಿಲಿಗೆ ಸುಭದ್ರಮ್ಮ ರಂಗೋಲಿ ಹಾಕ್ತಾಳೆ. ಮನೇಲಿ ಜನ ಇದಾರೆ ಅನ್ಕೊಂಡು ಕಳ್ಳ ಮುಂದಕ್ಕೆ ಹೋಗ್ತಾನೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಭದ್ರಮ್ಮ ಸೆರಗು ಹಿಡಿದುಕೊಂಡು, “ನಂಗ ಒಂದ ರಂಗೋಲಿ ಬರ್ತೈತ್ರಿ ಸಾಹೇಬ್ರ,” ಎಂದಳು.

“ಯಾವುದಾದ್ರೇನಮ್ಮ? ಬೆಳ್ಳಗೆ ಕಂಡ್ರೆ ಸಾಕು.”

ಅವಳು ನಿಯತ್ತಾಗಿ ಹಾಕಿದಳು. ಬೀಗ ಬಿದ್ದ ಮನೆಗಳ ಮುಂದೆಲ್ಲ ಬೆಳಿಗ್ಗೆ ಐದು ಆಕಳ ಹೆಜ್ಜೆ. ಮೇ ತಿಂಗಳು ಮುಗಿಯುವಷ್ಟರಲ್ಲಿ ಅಂಥ ಮೂರು ಮನೆಗಳು ಹಾಡಹಗಲೇ ಗುಡಿಸಿ ಗುಂಡಾಂತರವಾದವು. ಅವಳ ಹೆಜ್ಜೆಯಿದ್ದ ಮನೆಯನ್ನು ಬಿಟ್ಟು ಇನ್ನೊಂದಕ್ಕೆ ಕಳ್ಳ ಕೈ ಹಚ್ಚಿರಲಿಲ್ಲ.

ಅವಳೇ ಗುರುತು ಹಾಕಿ ಕೊಡುತ್ತಿದ್ದಾಳೆ ಎಂದು ಬೀದಿ ಬಾಯಿ ಮಾಡಿತು. ಪೊಲೀಸರು ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಹತ್ತೂ ಬೆರಳಿಗೆ ಮಸಿ ಬಳಿದು ಗುರುತು ತೆಗೆದುಕೊಂಡರು. ರಂಗೋಲಿ ಹಾಕಲು ಹೇಳಿದ್ದು ಯಾರು ಎಂದು ಅವರು ಕೇಳಿದಾಗ ಮುನಿನಾರಾಯಣಪ್ಪ ಕಣ್ಣು ಮಿಟುಕಿಸದೆ ಹೇಳಿದರು: “ನಂಗೊತ್ತಿಲ್ಲ ಸಾರ್. ಹೆಂಗಸ್ರು ಅವರವರೇ ಮಾತಾಡ್ಕೊಂಡಿರ್ಬೇಕು.” ಚಪ್ಪಾಳೆ ತಟ್ಟಿದವರೆಲ್ಲ ನೆಲ ನೋಡಿದರು. ಥೂ! ಬೋರ್ಡಿನ ಮೇಲಿದ್ದ ಅವಳ ಫೋಟೋ ಸುತ್ತ ಕೆಂಪು ಗೆರೆ ಬಂತು. ಮೂರು ಮನೆಯ ಕೆಲಸವೂ ಹೋಯಿತು. ಬೇರೆ ಬೀದಿಯಲ್ಲಿ ಕೇಳಿದರೂ, “ಓ, ಆ ರಂಗೋಲಿಯವಳಾ?” ಎಂದು ಬಾಗಿಲು ಹಾಕುತ್ತಿದ್ದರು. ಮಸಿ ನಾಲ್ಕು ದಿನಕ್ಕೆ ಹೋಯಿತು, ಆದರೂ ಉಣ್ಣುವ ಮುಂಚೆ ಅವಳು ಹತ್ತೂ ಬೆರಳನ್ನು ಮತ್ತೆ ಮತ್ತೆ ತಿಕ್ಕಿ ತೊಳೆಯುತ್ತಿದ್ದಳು.

ಆಗಸ್ಟಿನಲ್ಲಿ ಕಳ್ಳ ಕೆ.ಆರ್. ಪುರದಲ್ಲಿ ಸಿಕ್ಕಿಬಿದ್ದ. ದಿನಾ ಬೆಳಿಗ್ಗೆ ಇದೇ ಬೀದಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆ ಮಾರಿಕೊಂಡು ಹೋಗುತ್ತಿದ್ದವನು. ಠಾಣೆಯಲ್ಲಿ ಅವನು ನಗುತ್ತಲೇ ಹೇಳಿದನಂತೆ: “ಆ ಹೆಂಗಸು ಯಾರೋ ನಂಗೊತ್ತಿಲ್ಲ ಸಾರ್. ಜನ ಇರೋ ಮನೇಲಿ ದಿನಕ್ಕೊಂದು ಥರ ಚುಕ್ಕಿ ರಂಗೋಲಿ. ಬೀಗ ಹಾಕಿರೋ ಮನೆಗೆ ಮಾತ್ರ ಅದೇ ಹಸು ಹೆಜ್ಜೆ. ಬೋರ್ಡ್ ಹಾಕ್ದಂಗಿತ್ತು.”

ಮುಂದಿನ ಭಾನುವಾರ ಮುನಿನಾರಾಯಣಪ್ಪ ಅವಳನ್ನು ಕರೆಸಿದರು. ಅದೇ ಗೇಟು, ಅದೇ ಚಪ್ಪಾಳೆಯ ಜನ. ಅವಳಿಗೆಂದು ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ಬಂದು ಕಾಂಪೌಂಡಿನ ಮೇಲೆ ಕೂತಿತು.

“ಆಗಿದ್ದು ಆಗ್ಹೋಯ್ತು ಬಿಡಮ್ಮ. ಮೂರು ಮನೆಯವರೂ ವಾಪಸ್ ಬಾ ಅಂತಿದಾರೆ. ಇನ್ಮೇಲೆ ನಾಲ್ಕೈದು ಥರ ರಂಗೋಲಿ ಕಲ್ತ್ಕೋ, ಅಷ್ಟೇ.”

“ಕೆಲಸ ಇರ್ಲಿ ಬಿಡ್ರಿ. ರಂಗೋಲಿ ಹಾಕಂತ ನಂಗ ಹೇಳಿದವರು ನೀವು. ಅದೊಂದ ಮಾತು ಇವರೆಲ್ಲರ ಮುಂದ ಹೇಳ್ರಿ.”

ಅಧ್ಯಕ್ಷರು ವಾಚು ನೋಡಿಕೊಂಡರು. “ಅದೆಲ್ಲ ಈಗ್ಯಾಕಮ್ಮ? ಕಾಫಿ ಕುಡಿ, ಆರೋಗುತ್ತೆ.”

ಅವಳು ಕಾಫಿ ಮುಟ್ಟಲಿಲ್ಲ. ಗೇಟಿನ ಪಕ್ಕದ ಬಕೆಟ್ಟಿನಿಂದ ಒಂದು ಚೊಂಬು ನೀರೆತ್ತಿ, ಅಧ್ಯಕ್ಷರ ಮನೆಯ ಬಾಗಿಲಲ್ಲಿದ್ದ ಚುಕ್ಕಿ ರಂಗೋಲಿಯನ್ನು ತೊಳೆದುಹಾಕಿದಳು. ಮೆಟ್ಟಿಲ ಮೇಲಿನ ಡಬ್ಬಿಯಿಂದ ಪುಡಿ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತಳು. ಒಂದು ಹೆಜ್ಜೆ, ಎರಡು ಹೆಜ್ಜೆ.

“ಏಯ್, ಏನ್ಮಾಡ್ತಿದೀಯ? ನಾವು ಮನೇಲೇ ಇದೀವಲ್ಲಮ್ಮ!”

ಐದನೆಯ ಹೆಜ್ಜೆ ಮುಗಿಸಿ ಅವಳು ಎದ್ದು ಕೈ ಕೊಡವಿಕೊಂಡಳು.

“ಮನಷ್ಯಾರು ಇಲ್ಲದ ಮನಿಗೆ ಇದನ್ನ ಹಾಕು ಅಂದಿದ್ರಲ್ರಿ ಸಾಹೇಬ್ರ. ಹಾಕೀನಿ.”