ಫೋನಿನಲ್ಲಿ ಒಂದು ‘ಶ್ಶುಪ್’

ಕೇಳ್ರಪ್ಪಾ, ಬೆಳಿಗ್ಗೆಯಿಂದ ಕೂತಲ್ಲಿ ಕೂರಕ್ಕಾಗ್ತಿಲ್ಲ. ಓದೋಕೆ ಹಳೇ ಪದ್ಧತೀಲಿ ಸಾಲ ತಗೊಂಡವರಿಗೆ ಸಂಬಳ ನೋಡಿ ಕಂತು ಕಟ್ಟೋ ಭಾಗ್ಯ. ನಮ್ಮ ಹೊಸ ಪದ್ಧತಿಯ ಸಾಲದಲ್ಲಿ ಸಂಬಳ ಇಳಿದ್ರೆ, ಕಂತು ಇಳಿಸಿ ಅಂತ ನಾವೇ ಹೋಗಿ ಕೇಳ್ಕೋಬೇಕು. ರಾಜಧಾನಿ ಪಕ್ಕದ ಸೋಲ್ನಾ ಬಿಟ್ಟು ಈ ದೇಶದ ಉತ್ತರದಲ್ಲಿರೋ ಉಮೆಯೊ ಊರಲ್ಲಿ ಅರ್ಧ ದಿನದ ಕೆಲಸಕ್ಕೆ ಈಗಷ್ಟೇ ಸೇರಿದೀನಿ. ಸರಿ, ಇದೇ ಕಡೆ ಇರೋ ಸಾಲದ ಆಫೀಸಿಗೆ ಫೋನ್ ಮಾಡಿದೆ.

“ನನ್ನ ಸಂಬಳ ಅರ್ಧ ಆಗಿದೆ. ಕಂತೂ ಇಳಿಯುತ್ತಾ?”

ಆ ಕಡೆಯ ಹೆಂಗಸು ‘ಶ್ಶುಪ್’ ಅಂತ ಬಾಯಲ್ಲಿ ಗಾಳಿ ಎಳ್ಕೊಂಡರು. ನಮ್ಮ ಕನ್ನಡದವರಲ್ಲಿ ಹೀಗೆ ಲೊಚಗುಟ್ಟಿದ್ರೆ ಅರ್ಥ ಒಂದೇ: ಅಯ್ಯೋ ಪಾಪ, ಆಗಲ್ಲ.

“ಅರ್ಜಿ ಹಾಕಿದ್ರಾದ್ರೂ ಆಗುತ್ತಾ?”

‘ಶ್ಶುಪ್.’

“ನಿಮ್ಮ ಕನಿಕರ ಬೇಡ, ಉತ್ತರ ಕೊಡಿ!” ಅಂತ ರೇಗಿ ಫೋನ್ ಕುಕ್ಕಿದೆ.

ಆಮೇಲೆ ಕೆಲಸದಲ್ಲಿ ಫೀಕಾ, ಅಂದ್ರೆ ಕಾಫಿ ಬಿಡುವಿನ ಹೊತ್ತು. ಇದೇ ಊರಲ್ಲಿ ಹುಟ್ಟಿ ಬೆಳೆದ ಇಂಗ್ರಿಡ್‌ಗೆ “ಕಾಫಿ ಹಾಕ್ಲಾ?” ಅಂದೆ. ‘ಶ್ಶುಪ್’ ಅಂದು ಕಪ್ಪನ್ನು ಮುಂದಕ್ಕೆ ಚಾಚಿದಳು! ಈ ಉತ್ತರದ ಕಡೆಯವರು ‘ಹೌದು’ ಅನ್ನೋದೇ ಹಾಗಂತೆ.

ಈಗ ಮತ್ತೆ ಅದೇ ಆಫೀಸಿನ ಫೋನ್ ಕ್ಯೂನಲ್ಲಿದೀನಿ, ಕಿವಿ ಕಾದು ಹೋಗಿದೆ. ಆಕೆಯೇ ಸಿಕ್ಕಿ “ಬೆಳಿಗ್ಗೆ ರೇಗಾಡಿದ್ದು ನೀವೇನಾ?” ಅಂದ್ರೆ, ನಾನೂ ಉಸಿರು ಒಳಗೆಳ್ಕೊಳ್ಳೋದೇ ಗತಿ.