ಉಗುರಿನ ಸೀಳಿನಲ್ಲಿ ಹಸಿರು ಬಣ್ಣ

ಮಿಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಫ್ಯಾನ್ ಬೆಲ್ಟಿಗೆ ಸಿಕ್ಕಿ ಸೀಳಿದ್ದು ಮತ್ತೆ ಕೂಡಿರಲಿಲ್ಲ. ದಪ್ಪಗೆ, ಕಂದಾಗಿ ಹಾಗೇ ಬೆಳೆದಿತ್ತು. ವೈರಿನ ತುದಿಯನ್ನು ಅವರು ಆ ಉಗುರಿನಿಂದಲೇ ಕೆರೆಯುತ್ತಿದ್ದರು. ಸ್ಕ್ರೂ ಡ್ರೈವರುಗಳನ್ನು ಗಾತ್ರದ ಪ್ರಕಾರ ಗೋಡೆಗೆ ನೇತುಹಾಕಿ, ಪ್ರತಿಯೊಂದರ ಹಿಂದೆ ಅದರ ಆಕಾರ ಬರೆದಿಟ್ಟಿರುವ ನನಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಸದಾಶಿವ ಪೇಠದ ನಮ್ಮ ಓಣಿಯ ತುದಿಯಲ್ಲಿ ಅವರದು ಗಾಡಿಗಳ ವೈರಿಂಗ್ ಅಂಗಡಿ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ. ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು, ನಾವೂ. ನನ್ನ ಮಾವನವರ ಹಸಿರು ಕಾರನ್ನು ಮೊದಲಿನಿಂದ ನೋಡಿಕೊಂಡವರು ಅವರೇ. ಆ ಕಾರಿನಲ್ಲೇ ನನ್ನ ಹೆಂಡತಿ ಸಾಸವಡದ ದಾರಿಯಲ್ಲಿ ಡ್ರೈವಿಂಗ್ ಕಲಿತಳು. ಗಾಡಿ ನಿಂತರೆ ಇರಲಿ ಎಂದು ಹಿಂದಿನ ಸೀಟಿನಲ್ಲಿ ಮಿಸ್ತ್ರಿಯನ್ನು ಕೂರಿಸುತ್ತಿದ್ದರಂತೆ. ಘಾಟಿನಲ್ಲಿ ಅವಳು ಕುರಿ ಮಂದೆಯ ನಡುವೆ ಕಾರು ನುಗ್ಗಿಸಿದ್ದನ್ನು ನೆನೆದು ಅವಳೂ ಮಿಸ್ತ್ರಿಯೂ ನಗುವಾಗ ನಾನು ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಆ ನಗು ನನಗಿಂತ ಹಳೆಯದು.

ಮಾವ ತೀರಿಕೊಂಡ ಮೇಲೆ ಕಾರು ನಮ್ಮ ಮನೆಗೆ ಬಂತು. ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಿಡಿಭಾಗಗಳ ತಪಾಸಣೆ ಮಾಡಿದವನು ನಾನು. ಇನ್ನು ಮಿಸ್ತ್ರಿ ಬೇಡ ಎಂದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಬಾನೆಟ್ ಎತ್ತುವುದು, ಬ್ಯಾಟರಿಯ ನೀರು, ಬೆಲ್ಟಿನ ಬಿಗಿ ನೋಡುವುದು, ಅಳತೆಗಳನ್ನೆಲ್ಲ ವಹಿ ಪುಸ್ತಕದಲ್ಲಿ ಬರೆಯುವುದು. ಆ ದೀಪಾವಳಿಗೆ ಬಾನೆಟ್ಟಿನೊಳಗಿನ ತುಕ್ಕನ್ನೆಲ್ಲ ಉಜ್ಜಿ, ಒಂದೊಂದೇ ಭಾಗ ಬಿಚ್ಚಿಟ್ಟು, ಎರಡು ಕೋಟು ಹಸಿರು ಬಣ್ಣ ಹೊಡೆದು ಮತ್ತೆ ಜೋಡಿಸಿದೆ. ಕನ್ನಡಿಯ ಹಾಗೆ ಹೊಳೆಯಿತು.

ಕೆಲವೇ ದಿನಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಕಾಡತೊಡಗಿತು. ಎಂಜಿನ್ ಓಡುವಾಗಲೂ ಅದು ಆರದಿದ್ದರೆ ಡೈನಮೋದಿಂದ ಬ್ಯಾಟರಿಗೆ ಕರೆಂಟ್ ಹೋಗುತ್ತಿಲ್ಲ ಎಂದರ್ಥ. ಬ್ಯಾಟರಿ ಬದಲಿಸಿದೆ. ಡೈನಮೋದ ಬ್ರಶ್ ಬದಲಿಸಿದೆ, ಬೆಲ್ಟ್ ಬದಲಿಸಿದೆ. ಮೂರು ತಿಂಗಳಲ್ಲಿ ವಹಿ ತುಂಬಿತು, ದೀಪ ಆರಲಿಲ್ಲ.

ತನ್ನ ಅಪ್ಪನ ಹುಟ್ಟಿದ ದಿನ ನನ್ನ ಹೆಂಡತಿ ತಾನೇ ಓಡಿಸಿಕೊಂಡು ಸಾಸವಡಕ್ಕೆ ಹೋಗುವುದು ವಾಡಿಕೆ. ಆ ವರ್ಷ ಕಾರು ಘಾಟಿನ ಅರ್ಧಕ್ಕೇ ಸತ್ತುಹೋಯಿತು. ಟೆಂಪೋಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದೆವು.

"ನಿಮ್ಮ ವಹಿ ಓದಿ ಹೇಳಿದ್ರ ಗಾಡಿ ಚಾಲೂ ಆಗ್ತದೇನ್ರಿ?" ಎಂದಳು. "ನಾಳೆ ಮಿಸ್ತ್ರಿಯವರನ್ನ ಕರೀತೀನಿ. ಅವರಿಗೂ ಆಗಲಿಲ್ಲಂದ್ರ ಮಾರಿಬಿಡೂಣು."

ಅವರಿಂದಲೂ ಆಗದಿರಲಿ ಎಂದು ರಾತ್ರಿಯೆಲ್ಲ ಹಾರೈಸಿದೆ. ಕಾರು ಹೋದರೂ ಸರಿ ಅನ್ನಿಸಿತ್ತು.

ಮಿಸ್ತ್ರಿ ಬಂದವರೇ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತು ಚಹಾ ಕುಡಿದರು. "ಮೊದಲ ನೋಡಬೇಕ್ರಿ ಸಾಹೇಬ್ರ, ಆಮ್ಯಾಲ ಬಿಚ್ಚಬೇಕು" ಎಂಬುದು ಅವರ ಯಾವತ್ತಿನ ಮಾತು. ನಾನು ವಹಿ ತೆರೆದು ಅಳತೆಗಳನ್ನೆಲ್ಲ ಓದಿದೆ. ಕೊನೆಯವರೆಗೂ ಕೇಳಿ, "ಭಾಳ ಛಲೋ ಬರದೀರಿ" ಎಂದರು.

ಎಂಜಿನ್ ಚಾಲೂ ಮಾಡಿಸಿದರು. ಡೈನಮೋದ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕಳಿಸುವ ರೆಗ್ಯುಲೇಟರ್ ಎಂಬ ಕಪ್ಪು ಡಬ್ಬಿ ಬಾನೆಟ್ಟಿನೊಳಗಿನ ತಗಡಿಗೆ ಬಿಗಿದಿರುತ್ತದೆ. ಒಂದು ತುಂಡು ವೈರಿನ ಒಂದು ತುದಿಯನ್ನು ಅದರ ತಳದ ಕಬ್ಬಿಣಕ್ಕೆ, ಇನ್ನೊಂದನ್ನು ಎಂಜಿನ್ನಿನ ಬೋಳು ಕಬ್ಬಿಣಕ್ಕೆ ಹಿಡಿದರು. ಕೆಂಪು ದೀಪ ಆರಿತು. ವೈರು ತೆಗೆದರು, ಹತ್ತಿತು.

ನನಗೆ ಆಗಲೇ ಹೊಳೆಯಿತು. ಆ ಡಬ್ಬಿ ಕಾರಿನ ಕಬ್ಬಿಣಕ್ಕೆ ತಾಗಿ ಅರ್ಥಿಂಗ್ ಆಗಿರಲೇಬೇಕು, ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಅದರ ಕೆಳಗೆ ಇದ್ದದ್ದು ಕರೆಂಟ್ ಹಾಯಲು ಬಿಡದ ನನ್ನ ಎರಡು ಕೋಟು ಬಣ್ಣ.

ಮಿಸ್ತ್ರಿ ನನ್ನ ಮುಖ ನೋಡಿದರು. ಕೂದಲೆಳೆಯಷ್ಟು ತಪ್ಪಿಗೆ ಎಷ್ಟೋ ಜನರ ಕೆಲಸವನ್ನು ತಿರುಗಿ ಕಳಿಸಿದ ನಾನು ನನ್ನ ತಪ್ಪು ಒಪ್ಪದೆ ವಹಿ ಮುಚ್ಚಿದೆ. ಅವರು ಡಬ್ಬಿ ಬಿಚ್ಚಿ, ಸ್ಕ್ರೂ ಕೂರುವ ಜಾಗದಲ್ಲಿ ರೂಪಾಯಿಯಗಲ ಬಣ್ಣವನ್ನು ಆ ಉಗುರಿನಿಂದ ಕೆರೆದು, ಮತ್ತೆ ಬಿಗಿದರು. ಅಷ್ಟರಲ್ಲಿ ಹೆಂಡತಿ ಎರಡನೇ ಚಹಾ ತಂದಳು.

"ಏನಾಗಿತ್ರಿ ಮಿಸ್ತ್ರಿಯವರ?"

"ಏನಿಲ್ರಿ ಅಕ್ಕಾರ, ಗಾಡಿಗೆ ವಯಸ್ಸಾಗೇದ, ಅರ್ಥಿಂಗ್ ಬಿಟ್ಟಿತ್ತು. ಸಾಹೇಬ್ರು ಉಳದದ್ದೆಲ್ಲಾ ಮೊದಲ ತಪಾಸ ಮಾಡಿ ಇಟ್ಟಿದ್ರು, ಅದಕ್ಕ ಲಗೂನ ಸಿಕ್ತು."

ಅವಳು ನನ್ನ ಕಡೆ ನೋಡಿ ನಕ್ಕಳು. ಕೃತಜ್ಞನಾಗಬೇಕಿತ್ತು. ಆದರೆ ಕಾರು ಅವರ ಮಾತು ಕೇಳಿತು, ಹಳೆಯ ನೆನಪೆಲ್ಲ ಅವರದು, ಈಗ ದೊಡ್ಡ ಮನಸ್ಸೂ ಅವರದೇ ಆಯಿತಲ್ಲ ಎಂದು ಹೊಟ್ಟೆಕಿಚ್ಚಾಯಿತು. ಹೊರಡುವಾಗ, "ಇನ್ನೊಮ್ಮೆ ಬಂದ್ರ ಕೈ ತೊಳ್ಕೊಂಡು ಗಾಡಿ ಮುಟ್ಟರಿ" ಎಂದುಬಿಟ್ಟೆ.

"ಹೌದ್ರಿ ಸಾಹೇಬ್ರ," ಎಂದರು ಮಿಸ್ತ್ರಿ. "ಬಣ್ಣಾ ಮಾತ್ರ ಭಾಳ ಛಲೋ ಹಚ್ಚೀರಿ."

ಹೋದ ವರ್ಷ ಅವರು ತೀರಿಕೊಂಡರು. ಅದೇ ಕಾರಿನಲ್ಲಿ ಮಣ್ಣು ಮಾಡುವಲ್ಲಿಗೆ ಹೋಗಿ ಬಂದೆವು. ಹಿಂದಿರುಗುವಾಗ ಹೆಂಡತಿ ಓಡಿಸುತ್ತಿದ್ದಳು. ಆ ದಿನದ ತಪ್ಪು ನನ್ನದು, ನಾನು ಹೊಡೆದ ಬಣ್ಣದ್ದು ಎಂದು ಹೇಳಿದೆ.

"ಗೊತ್ತದ," ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ. "ಚಹಾದ ಕಪ್ಪು ಹಿಡಿಯುವಾಗ ಅವರ ಉಗುರಿನ ಸೀಳಿನಾಗ ಹಸಿರು ಬಣ್ಣ ಇತ್ತು."

"ಮತ್ತ ಯಾಕ ಕೇಳಲಿಲ್ಲ?"

"ಅವರು ಮುಚ್ಚಿಟ್ಟಿದ್ದನ್ನ ನಾ ಯಾಕ ತಗೀಲಿ?"

ಅಲ್ಲಿಯೂ ಅವರಿಬ್ಬರೂ ಒಂದೇ ಕಡೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಆದರೆ ಪ್ರತಿ ದೀಪಾವಳಿಗೆ ಆ ಡಬ್ಬಿ ಬಿಚ್ಚಿ, ಕೆಳಗಿನ ರೂಪಾಯಿಯಗಲದ ಬೋಳು ಜಾಗವನ್ನು ಒರೆಸಿ, ತುಕ್ಕು ಹಿಡಿಯದಂತೆ ತುಸು ಗ್ರೀಸ್ ಸವರುತ್ತೇನೆ. ಬಾನೆಟ್ಟಿನೊಳಗಿನ ತಗಡಿನಲ್ಲಿ ನಾನು ಬಣ್ಣ ಹಚ್ಚದೆ ಬಿಟ್ಟಿರುವ ಜಾಗ ಅದೊಂದೇ.